ಗ್ಯಾಸ್ ಕಾರ್ಖಾನೆಯ ದೊರೆಗಳು ಇಂಗ್ಲಿಷಿಗೆ ಬಂದಾಗ

ಬರ್ಲಿನ್‌ನಲ್ಲಿ ಯಾರಾದರೂ ಯೋಗ್ಯತೆಗಿಂತ ಜಾಸ್ತಿ ಡೌಲು ಮಾಡಿಕೊಂಡು ಬಂದರೆ, ‘ನೋಡು, ಗ್ರಾಫ್ ಕೋಕ್ಸ್ ಫೊನ್ ಡೆರ್ ಗಾಸ್‌ಆನ್‌ಷ್ಟಾಲ್ಟ್ ಬಂದ ಹಾಗೆ ಬರ್ತಿದ್ದಾನೆ’ ಅನ್ನುತ್ತಾರೆ. ಗ್ರಾಫ್ ಅಂದರೆ ಜರ್ಮನ್ ಕುಲೀನರಲ್ಲಿ ಒಂದು ದರ್ಜೆ, ಇಂಗ್ಲಿಷಿನಲ್ಲಿ ಕೌಂಟ್. ಫೊನ್ ಅಂದರೆ ‘ಇಂಥ ಊರಿನ’. ಗಾಸ್‌ಆನ್‌ಷ್ಟಾಲ್ಟ್ ಅಂದರೆ ಗ್ಯಾಸ್ ಕಾರ್ಖಾನೆ. ಹಿಂದೆ ಬೀದಿದೀಪ ಉರಿಸೋಕೆ ಗ್ಯಾಸ್ ಬೇಕಿತ್ತಲ್ಲ, ಅದಕ್ಕಾಗಿ ಕಲ್ಲಿದ್ದಲನ್ನು ಗಾಳಿಯಾಡದ ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಗ್ಯಾಸ್ ಹೊರಟುಹೋದ ಮೇಲೆ ಉಳಿಯುವ ಬೂದುಬಣ್ಣದ ಇದ್ದಲೇ ಕೋಕ್. ಅದನ್ನು ಮನೆಯ ಒಲೆಗಳಿಗೆ ಮಾರುತ್ತಿದ್ದರು. ಅಂದರೆ ಈ ದೊರೆಗಳ ಹೆಸರು ಇದ್ದಲು, ಅವರ ಸಂಸ್ಥಾನ ಗ್ಯಾಸ್ ಕಾರ್ಖಾನೆಯ ಅಂಗಳ!

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಅಂತ ನಾವು ಗಾದೆಯಲ್ಲಿ ಹೇಳುವುದನ್ನು ಬರ್ಲಿನ್‌ನವರು ಒಂದು ಹೆಸರಿನಲ್ಲೇ ಹೇಳಿ ಮುಗಿಸಿದ್ದಾರೆ.

ಇದನ್ನು ಇಂಗ್ಲಿಷಿಗೆ ತರುವುದು ಹೇಗೆ? ಪದಕ್ಕೆ ಪದ ಇಟ್ಟರೆ ‘ಕೌಂಟ್ ಕೋಕ್ ಆಫ್ ದಿ ಗ್ಯಾಸ್‌ವರ್ಕ್ಸ್’. ಅರ್ಥದಲ್ಲಿ ತಪ್ಪಿಲ್ಲ. ಆದರೆ ಇಂಗ್ಲಿಷ್ ಓದುಗರಿಗೆ ಕೋಕ್ ಅಂದ ಕೂಡಲೇ ನೆನಪಾಗುವುದು ತಂಪು ಪಾನೀಯದ ಬಾಟಲಿ, ಇಲ್ಲವೇ ಕೊಕೇನ್. ಇನ್ನೊಂದು ದಾರಿ ‘ಲಾರ್ಡ್ ಮಕ್’. ಬ್ರಿಟನ್ನಿನಲ್ಲಿ ಸುಮ್ನೆ ಜಂಬ ಕೊಚ್ಚುವವನಿಗೆ ಇರುವ ಹೆಸರು ಅದು. ಹೆಂಗಸಾದರೆ ಲೇಡಿ ಮಕ್. ಮಕ್ ಅಂದರೆ ಕೊಳೆ, ಸಗಣಿ, ಗೊಬ್ಬರ. ಏಟು ಸರಿಯಾಗಿ ಬೀಳುತ್ತದೆ, ಆದರೆ ಬರ್ಲಿನ್ ಹೋಯಿತು, ಗ್ಯಾಸ್ ಕಾರ್ಖಾನೆಯೂ ಹೋಯಿತು. ಮೂರನೆಯದು ಹೊಸದಾಗಿ ಕಟ್ಟುವುದು: ‘ಲಾರ್ಡ್ ಸಿಂಡರ್ ಆಫ್ ದಿ ಗ್ಯಾಸ್‌ವರ್ಕ್ಸ್’ ಅನ್ನಬಹುದು. ಸಿಂಡರ್ ಅಂದರೆ ಉರಿದು ಉಳಿದ ಇದ್ದಲು. ಒಂದೇ ಸಲ ಯಾರೋ ಬೈಯುವ ಮಾತಾದರೆ ಲಾರ್ಡ್ ಮಕ್ ಸಾಕು. ಆದರೆ ಕಾದಂಬರಿಯೊಂದರಲ್ಲಿ ಮುನ್ನೂರು ಪುಟ ಒಬ್ಬನನ್ನು ಗ್ರಾಫ್ ಕೋಕ್ಸ್ ಅಂತಲೇ ಕರೆದಿದ್ದರೆ, ನಾನಂತೂ ಸಿಂಡರ್ ಪಕ್ಷ.

ಈ ತಮಾಷೆ ಹೇಗೆ ಕೆಲಸ ಮಾಡುತ್ತದೆ ನೋಡಿ. ಗ್ರಾಫ್ ಅಂದಾಗ ಮೇಲೆ ಹತ್ತಿಸುತ್ತದೆ. ಫೊನ್ ಅಂದಾಗ ಇನ್ನೂ ಒಂದು ಮೆಟ್ಟಿಲು. ಇನ್ನೇನು ಯಾವುದೋ ಕೋಟೆಯ ಹೆಸರು ಬರಬೇಕು ಅನ್ನುವಷ್ಟರಲ್ಲಿ ಗ್ಯಾಸ್ ಕಾರ್ಖಾನೆಗೆ ದಬ್ಬುತ್ತದೆ. ನಗು ಇರುವುದು ಆ ಬೀಳುವುದರಲ್ಲಿ. ಹಾಗಾಗಿ ಬಿರುದು ಗಂಭೀರವಾಗಿಯೇ ಇರಬೇಕು, ಬಾಲ ಮಾತ್ರ ನಗಿಸಬೇಕು. ಅನುವಾದದಲ್ಲಿ ಎಡವಟ್ಟಾಗುವುದು ಬಹುತೇಕ ಇಲ್ಲೇ. ಬಿರುದನ್ನೂ ಕೋಡಂಗಿ ಮಾಡಿಬಿಟ್ಟರೆ ಬೀಳೋಕೆ ಎತ್ತರವೇ ಉಳಿಯುವುದಿಲ್ಲ.

ಎತ್ತರ ಕಟ್ಟುವ ಸಾಮಾನುಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಫೊನ್ ಅಂದರೆ ಮನೆತನ ಇಂಥ ಊರಿಂದ ಬಂದದ್ದು. ತ್ಸು ಅಂದರೆ ಇಂಥ ಊರಿನಲ್ಲಿ ಇರುವುದು. ಎರಡೂ ಸೇರಿ ‘ಫೊನ್ ಉಂಟ್ ತ್ಸು’ ಆದರೆ, ಆ ಊರಿಂದಲೇ ಬಂದವರು, ಈಗಲೂ ಆ ಊರು ನಮ್ಮದೇ ಅಂತ. ಇದರ ಹಿಂದಿನ ಗತ್ತು ಗೊತ್ತಿರುವುದರಿಂದಲೇ ಜರ್ಮನ್ನರು ಜಂಬದವರನ್ನು ‘ಹೆರ್ ಫೊನ್ ಉಂಟ್ ತ್ಸು’ ಅಂತ ಅಣಕಿಸುತ್ತಾರೆ. ಊರಿನ ಹೆಸರನ್ನೇ ಹೇಳುವುದಿಲ್ಲ. ಬರೀ ವಿಭಕ್ತಿ ಪ್ರತ್ಯಯದಲ್ಲೇ ತಮಾಷೆ ಮುಗಿಯಿತು! ನಮ್ಮಲ್ಲೂ ಹೆಸರಿನ ಮುಂದೆ ಊರು ಬರುತ್ತದೆ, ಆದರೆ ಇನಿಷಿಯಲ್ ಆಗಿ. ಅದರಿಂದ ಯಾರಿಗೂ ಕೋಟೆ ಸಿಕ್ಕಿಲ್ಲ.

ಒಂದೇ ಅಕ್ಷರದ ವ್ಯತ್ಯಾಸ ಎಷ್ಟು ಭಾರ ಅನ್ನೋದಕ್ಕೆ ಸಂಗೀತಗಾರ ಬೇಟೊಫನ್ (ನಾವು ಬೀಥೋವನ್ ಅನ್ನುವವರು) ಸಾಕ್ಷಿ. ಅವರ ಹೆಸರಿನಲ್ಲಿದ್ದದ್ದು ಫೊನ್ ಅಲ್ಲ, ಫಾನ್. ಅದು ಡಚ್ ಕಡೆಯದು, ಅದರಲ್ಲಿ ಕುಲೀನತೆ ಏನೂ ಇಲ್ಲ. ವಿಯೆನ್ನಾದಲ್ಲಿ ಬಹಳ ಜನ ಅವರನ್ನು ಕುಲೀನರೆಂದೇ ತಿಳಿದಿದ್ದರು. ಅಣ್ಣನ ಮಗ, ಅಲ್ಲಲ್ಲ, ತಮ್ಮನ ಮಗ ಕಾರ್ಲ್ ಯಾರ ವಶದಲ್ಲಿರಬೇಕು ಅನ್ನುವ ಮೊಕದ್ದಮೆ ಕುಲೀನರ ನ್ಯಾಯಾಲಯದಲ್ಲೇ ನಡೆಯುತ್ತಿತ್ತು. 1818ರ ಡಿಸೆಂಬರ್‌ನಲ್ಲಿ ಅಲ್ಲಿ ಫಾನ್ ವಿಷಯ ಹೊರಬಿತ್ತು. ಕೇಸನ್ನು ಸಾಮಾನ್ಯರ ನ್ಯಾಯಾಲಯಕ್ಕೆ ಕಳಿಸಿದರು.

ಇನ್ನು ಬಿರುದುಗಳು. ಗ್ರಾಫ್‌ಗೆ ಕೌಂಟ್ ಅಂತ ಡಿಕ್ಷನರಿ ಹೇಳುತ್ತದೆ. ಆದರೆ ಇಂಗ್ಲೆಂಡಿನ ಕುಲೀನರಲ್ಲಿ ಕೌಂಟ್ ಅನ್ನುವವರೇ ಇಲ್ಲ, ಅದೇ ದರ್ಜೆಗೆ ಅಲ್ಲಿ ಅರ್ಲ್ ಅನ್ನುತ್ತಾರೆ. ವಿಚಿತ್ರ ಅಂದರೆ ಅರ್ಲ್‌ನ ಹೆಂಡತಿ ಮಾತ್ರ ಕೌಂಟೆಸ್. ಹಾಗಾಗಿ ಕೌಂಟ್ ಅಂದ ತಕ್ಷಣ ಇಂಗ್ಲಿಷ್ ಕಿವಿಗೆ ಅವನು ಪರದೇಶದವನು. ರಕ್ತ ಹೀರುವ ಕೌಂಟ್ ಡ್ರಾಕುಲಾನ ಕಪ್ಪು ನಿಲುವಂಗಿ, ಕೋರೆಹಲ್ಲು ಕೂಡ ಜೊತೆಗೇ ಬರುತ್ತವೆ. ಅರ್ಲ್ ಅಂದರೆ ಪಕ್ಕದ ಎಸ್ಟೇಟಿನವನು. ಜರ್ಮನ್ ಓದುಗರಿಗೆ ಗ್ರಾಫ್ ಅನ್ನುವವನು ಪಕ್ಕದ ಎಸ್ಟೇಟಿನವನೇ. ಆದ್ದರಿಂದ ಕೌಂಟ್ ಅಂತ ಇಟ್ಟ ಗಳಿಗೆಯಲ್ಲೇ ತಮಾಷೆಯ ಗುರಿ ಬದಲಾಗುತ್ತದೆ. ಮೂಲದಲ್ಲಿ ಜರ್ಮನ್ನರು ತಮ್ಮ ಊರಿನ ದೊಡ್ಡವರನ್ನು ನೋಡಿ ನಗುತ್ತಿದ್ದರು. ಇಂಗ್ಲಿಷಿನಲ್ಲಿ ಇಂಗ್ಲಿಷರು ಜರ್ಮನ್ನರನ್ನು ನೋಡಿ ನಗುತ್ತಾರೆ. ಎರಡೂ ಒಂದೇ ನಗು ಅಲ್ಲ.

ಫೊನ್‌ಗೂ ಅದೇ ಗತಿ. ಇಂಗ್ಲಿಷ್ ಸಿನಿಮಾಗಳನ್ನು ನೋಡಿ ಬೆಳೆದವರಿಗೆ ‘ವಾನ್’ ಅಂದರೆ ಖಳನಾಯಕ, ಇಲ್ಲವೇ ತಲೆಕೆಟ್ಟ ಪ್ರೊಫೆಸರ್. ಕುಲೀನತೆಯ ವಾಸನೆ ಕಡಿಮೆ.

ಫ್ರೈಹೆರ್ ಇನ್ನೂ ಕಷ್ಟ. ಪದ ಬಿಡಿಸಿದರೆ ‘ಸ್ವತಂತ್ರ ಒಡೆಯ’. ಇಂಗ್ಲಿಷಿನಲ್ಲಿ ಬ್ಯಾರನ್ ಅಂತ ಹಾಕಿ ಕೈತೊಳೆದುಕೊಳ್ಳುತ್ತಾರೆ. 1788ರಲ್ಲಿ ಜನರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಪುಸ್ತಕ ಬರೆದ ಅಡೋಲ್ಫ್ ಕ್ನಿಗ್ಗೆ ಹುಟ್ಟಿನಿಂದ ಫ್ರೈಹೆರ್. ಫ್ರೆಂಚ್ ಕ್ರಾಂತಿಯ ಪಕ್ಷಪಾತಿಯಾದ ಅವರು ಆ ಪದವನ್ನು ಎರಡು ತುಂಡು ಮಾಡಿ ‘ಫ್ರೈಯರ್ ಹೆರ್ ಕ್ನಿಗ್ಗೆ’ ಅಂತ ಹೇಳಿಕೊಂಡರು. ಬಿರುದು ಹೋಯಿತು, ‘ಸ್ವತಂತ್ರ ಮನುಷ್ಯ’ ಉಳಿದ. ಬ್ಯಾರನ್ ಅನ್ನುವ ಪದವನ್ನು ಎಲ್ಲಿ ಕತ್ತರಿಸಿದರೂ ಸ್ವಾತಂತ್ರ್ಯ ಹೊರಗೆ ಬರುವುದಿಲ್ಲ. ‘ಫ್ರೀ ಲಾರ್ಡ್’ ಅಂತ ಅನುವಾದಿಸಿ ನಂತರ ಬಿಡಿಸಬಹುದೇನೋ, ಆದರೆ ಫ್ರೀ ಅಂದರೆ ಪುಕ್ಕಟೆ ಅಂತಲೂ ಆಯಿತಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಜರ್ಮನ್ ಕುಲೀನರ ನಿಜವಾದ ಹೆಸರುಗಳೇ ಅಣಕದ ಹಾಗಿವೆ. ಬ್ರಾಂಡೆನ್‌ಬರ್ಗ್ ಕಡೆಯ ಹಳೆಯ ಮನೆತನವೊಂದರ ಹೆಸರು ‘ಗಾನ್ಸ್ ತ್ಸು ಪುಟ್ಲಿಟ್ಸ್’. ಗಾನ್ಸ್ ಅಂದರೆ ಹೆಬ್ಬಾತು. ಅವರ ಲಾಂಛನದಲ್ಲೂ ಹೆಬ್ಬಾತೇ ಇದೆ. ಹೆಸ್ಸೆಯ ರೀಡೇಜೆಲ್ ಮನೆತನದ ಹೆಸರಿನಲ್ಲಿ ಕತ್ತೆಯೇ ಕೂತಿದೆ, ಲಾಂಛನದಲ್ಲಿ ಅದರ ತಲೆ. ಇನ್ನೊಂದು ಮನೆತನ ‘ಫೊನ್ ಕೋಟ್ಸೆ’. ಇವತ್ತಿನ ಜರ್ಮನ್‌ನಲ್ಲಿ ಕೋಟ್ಸೆ ಅಂದರೆ ವಾಂತಿ. ರೊಯ್ಸ್ ಅನ್ನುವ ರಾಜಮನೆತನದಲ್ಲಂತೂ ಹುಟ್ಟುವ ಗಂಡುಮಕ್ಕಳಿಗೆಲ್ಲ ಹೈನ್ರಿಶ್ ಅಂತಲೇ ಹೆಸರು. ಗುರುತಿಗೆ ನಂಬರ್. 1848ರಲ್ಲಿ ಪಟ್ಟ ಬಿಟ್ಟುಕೊಟ್ಟವನು 72ನೇ ಹೈನ್ರಿಶ್. ಅಷ್ಟೂ ಜನ ಆಳಿದವರಲ್ಲ, ಹುಟ್ಟಿದ ಲೆಕ್ಕ ಅಷ್ಟೇ. ಕಾದಂಬರಿಕಾರ ಇದನ್ನು ಕಲ್ಪಿಸಿ ಬರೆದಿದ್ದರೆ ‘ಅತಿಯಾಯ್ತು’ ಅನ್ನುತ್ತಿದ್ದೆವು.

ಅನುವಾದಕನಿಗೆ ಇದು ತಲೆನೋವು. ಜರ್ಮನ್ ಓದುಗರಿಗೆ ಹೆಬ್ಬಾತಿನ ಮನೆತನ ನಿಜ, ಗ್ಯಾಸ್ ಕಾರ್ಖಾನೆಯ ಮನೆತನ ಸುಳ್ಳು ಅಂತ ಕಿವಿಯೇ ಹೇಳುತ್ತದೆ. ಇಂಗ್ಲಿಷ್ ಓದುಗರಿಗೆ ಎರಡೂ ಒಂದೇ ಥರ ಗೊರಗೊರ ಸದ್ದು. ಹೆಸರನ್ನು ಜರ್ಮನ್‌ನಲ್ಲೇ ಬಿಟ್ಟರೆ ತಮಾಷೆ ಇದೆ ಅನ್ನುವುದೇ ಗೊತ್ತಾಗುವುದಿಲ್ಲ.

ಕೆಲವೊಮ್ಮೆ ಅದೃಷ್ಟ ಕೈ ಹಿಡಿಯುತ್ತದೆ. ರಿಚರ್ಡ್ ಸ್ಟ್ರಾಸ್ ಸಂಗೀತ ಕೊಟ್ಟ, ಹೋಫ್‌ಮಾನ್‌ಸ್ತಾಲ್ ಮಾತು ಬರೆದ ‘ಡೆರ್ ರೋಸೆನ್‌ಕವಲಿಯರ್’ ಒಪೆರಾ 1911ರಲ್ಲಿ ಡ್ರೆಸ್ಡೆನ್‌ನಲ್ಲಿ ಮೊದಲು ನಡೆಯಿತು. ಅದರಲ್ಲಿ ಹಣಕ್ಕಾಗಿ ಹುಡುಗಿಯನ್ನು ಮದುವೆಯಾಗಲು ಹೊರಟ ಒರಟು ಬ್ಯಾರನ್ ಒಬ್ಬನಿದ್ದಾನೆ, ಹೆಸರು ‘ಓಕ್ಸ್ ಔಫ್ ಲೆರ್ಶೆನೌ’. ಓಕ್ಸ್ ಅಂದರೆ ಎತ್ತು. ಲೆರ್ಶೆನೌ ಅಂದರೆ ಬಾನಾಡಿಗಳ ಹುಲ್ಲುಗಾವಲು. ಹಕ್ಕಿ ಹಾಡುವ ಗೋಮಾಳದಲ್ಲಿ ಒಂದು ಎತ್ತು! ಇಂಗ್ಲಿಷಿನಲ್ಲೂ ಎತ್ತಿಗೆ ‘ಆಕ್ಸ್’. ಎರಡು ಭಾಷೆಗಳೂ ದಾಯಾದಿಗಳಾದ್ದರಿಂದ ಹೆಸರನ್ನು ಮುಟ್ಟದೆ ಬಿಟ್ಟರೂ ಅರ್ಧ ನಗು ದಾಟಿಬಿಡುತ್ತದೆ. ಹುಲ್ಲುಗಾವಲು ಮಾತ್ರ ಗಡಿಯಲ್ಲೇ ಉಳಿಯುತ್ತದೆ.

1836ರಲ್ಲಿ ಗೆಯೋರ್ಗ್ ಬ್ಯೂಶ್ನರ್ ಬರೆದ ನಾಟಕದಲ್ಲಿ ರಾಜಕುಮಾರ ಪೋಪೋ ರಾಜ್ಯದವನು, ರಾಜಕುಮಾರಿ ಪೀಪೀ ರಾಜ್ಯದವಳು. ಜರ್ಮನ್ ಮಕ್ಕಳ ಮಾತಿನಲ್ಲಿ ಪೋಪೋ ಅಂದರೆ ಕುಂಡೆ, ಪೀಪೀ ಅಂದರೆ ಉಚ್ಚೆ. ಇಂಗ್ಲಿಷಿನಲ್ಲಿ ಪೀಪೀ ನಗಿಸುತ್ತದೆ, ಪೋಪೋ ಯಾವುದೋ ದ್ವೀಪದ ಹೆಸರಿನಂತೆ ಕೇಳಿಸುತ್ತದೆ.

ಈಗ ಕಾನೂನಿನ ಕಥೆ. ಅದಿಲ್ಲದೆ ಇವತ್ತಿನ ತಮಾಷೆ ಅರ್ಥವಾಗುವುದಿಲ್ಲ. 1919ರಲ್ಲಿ ಜರ್ಮನಿಯ ವೈಮಾರ್ ಸಂವಿಧಾನ ಕುಲೀನರ ವಿಶೇಷ ಹಕ್ಕುಗಳನ್ನು ತೆಗೆದುಹಾಕಿತು. ಬಿರುದುಗಳನ್ನು ಅಳಿಸಲಿಲ್ಲ, ಮನೆಹೆಸರಿನ ಭಾಗವಾಗಿ ಬಿಟ್ಟಿತು. ಹಾಗಾಗಿ ಮೊದಲು ‘ಗ್ರಾಫ್ ಒಟ್ಟೊ’ ಆಗಿದ್ದವರು ‘ಒಟ್ಟೊ ಗ್ರಾಫ್’ ಆದರು. ಗ್ರಾಫ್ ಅನ್ನುವುದು ಈಗ ಕಾನೂನಿನ ಪ್ರಕಾರ ಸರ್‌ನೇಮ್. ಆಸ್ಟ್ರಿಯಾ ಅದೇ ವರ್ಷ ಇನ್ನೂ ಕಟುವಾಯಿತು. ಫೊನ್ ಕೂಡ ಇಡುವಂತಿಲ್ಲ ಅಂದಿತು. ಅರ್ಥಶಾಸ್ತ್ರಜ್ಞ ಹಾಯೆಕ್ ಹುಟ್ಟುವಾಗ ‘ಫೊನ್ ಹಾಯೆಕ್’, ಆ ಕಾನೂನಿನ ನಂತರ ಬರೀ ಹಾಯೆಕ್.

ಆಗಿನ ಒಂದು ಕಥೆಯನ್ನು ಆಸ್ಟ್ರಿಯಾದವರು ಈಗಲೂ ಹೇಳುತ್ತಾರೆ. ಗ್ರಾಫ್ ಅಡಾಲ್ಬರ್ಟ್ ಷ್ಟೆರ್ನ್‌ಬೆರ್ಗ್ ಹೊಸ ವಿಸಿಟಿಂಗ್ ಕಾರ್ಡ್ ಮಾಡಿಸಿದರಂತೆ: ‘ಅಡಾಲ್ಬರ್ಟ್ ಷ್ಟೆರ್ನ್‌ಬೆರ್ಗ್. ಕುಲೀನನನ್ನಾಗಿ ಮಾಡಿದವರು ಕಾರ್ಲ್ ಮಹಾರಾಜ, ಕುಲೀನತೆ ಕಿತ್ತುಕೊಂಡವರು ಕಾರ್ಲ್ ರೆನ್ನರ್.’ ರೆನ್ನರ್ ಆಗಿನ ಚಾನ್ಸಲರ್. ಸಾವಿರ ವರ್ಷ ಹಿಂದಿನ ಚಕ್ರವರ್ತಿಯೂ ಕಾರ್ಲ್, ಈ ಸೋಷಿಯಲಿಸ್ಟ್ ರಾಜಕಾರಣಿಯೂ ಕಾರ್ಲ್. ಕಾರ್ಡಿನ ಕುಟುಕು ಪೂರ್ತಿ ಆ ಇಬ್ಬರು ಕಾರ್ಲ್‌ಗಳಲ್ಲಿದೆ. ಇಂಗ್ಲಿಷಿನವರು ಚಕ್ರವರ್ತಿಯನ್ನು ಫ್ರೆಂಚ್ ಹೆಸರಿನಿಂದ ಶಾರ್ಲಮೇನ್ ಅನ್ನುತ್ತಾರೆ. ಸರಿಯಾದ ಪದವನ್ನೇ ಹಾಕಿದ ಅನುವಾದಕ ಜೋಕನ್ನು ಕೊಂದ! ಇಲ್ಲಿ ಸ್ವಲ್ಪ ತಪ್ಪು ಮಾಡಬೇಕು. ‘ಕಾರ್ಲ್ ದಿ ಗ್ರೇಟ್’ ಅಂತ ಬರೆದು ಓದುಗರು ಒಂದು ಕ್ಷಣ ಹುಬ್ಬೇರಿಸಿದರೂ ಪರವಾಗಿಲ್ಲ ಅನ್ನಬೇಕು.

ಸರ್‌ನೇಮ್ ಆಗಿಹೋದ ಬಿರುದನ್ನು ಅನುವಾದಿಸಬೇಕೇ ಬೇಡವೇ ಅನ್ನುವ ಪ್ರಶ್ನೆ 2011ರಲ್ಲಿ ಪತ್ರಿಕೆಗಳಿಗೆ ಎದುರಾಯಿತು. ಜರ್ಮನಿಯ ರಕ್ಷಣಾ ಸಚಿವ ಕಾರ್ಲ್-ಥಿಯೋಡೋರ್ ತ್ಸು ಗುಟೆನ್‌ಬರ್ಗ್ ಅವರ ಪೂರ್ತಿ ಹೆಸರಿನಲ್ಲಿ ಹತ್ತು ಹೆಸರುಗಳಿವೆ, ಕೊನೆಗೆ ‘ಫ್ರೈಹೆರ್ ಫೊನ್ ಉಂಟ್ ತ್ಸು ಗುಟೆನ್‌ಬರ್ಗ್’. 2009ರಲ್ಲಿ ಅವರು ಮೊದಲ ಸಲ ಕೇಂದ್ರ ಸಚಿವರಾದಾಗ ಯಾರೋ ಕಿಡಿಗೇಡಿ ವಿಕಿಪೀಡಿಯದಲ್ಲಿ ಆ ಹತ್ತರ ನಡುವೆ ‘ವಿಲ್‌ಹೆಲ್ಮ್’ ಅಂತ ಹನ್ನೊಂದನೆಯದನ್ನು ತೂರಿಸಿದ. ದೊಡ್ಡ ದೊಡ್ಡ ಪತ್ರಿಕೆಗಳು ಅದನ್ನೂ ಸೇರಿಸಿ ಅಚ್ಚು ಹಾಕಿದವು. ಹತ್ತಿದ್ದಲ್ಲಿ ಹನ್ನೊಂದು ಇದ್ದರೆ ಯಾರು ಎಣಿಸುತ್ತಾರೆ, ಅಲ್ವಾ?

ಎರಡು ವರ್ಷ ಕಳೆಯಿತು. ಅವರ ಡಾಕ್ಟರೇಟ್ ಪ್ರಬಂಧದಲ್ಲಿ ಬೇರೆಯವರ ಬರಹ ಪುಟಗಟ್ಟಲೆ ಇದೆ ಅಂತ ಬಯಲಾಯಿತು. ಇಂಟರ್ನೆಟ್‌ನಲ್ಲಿ ಜನ ಕೊಟ್ಟ ಹೊಸ ಬಿರುದು: ‘ತ್ಸು ಗೂಗಲ್‌ಬರ್ಗ್’. ಎಷ್ಟು ಕಡಿಮೆ ಕೈಯಾಡಿಸಿದ್ದಾರೆ ನೋಡಿ. ತ್ಸು ಹಾಗೇ ಇದೆ, ಬರ್ಗ್ ಹಾಗೇ ಇದೆ, ಮೊದಲಕ್ಷರವೂ ಅದೇ. ನಡುವೆ ಸಂಸ್ಥಾನ ಮಾತ್ರ ಬದಲಾಗಿದೆ. ಇವರು ಗುಟೆನ್‌ಬರ್ಗ್ ಕೋಟೆಯಲ್ಲಿ ಅಲ್ಲ, ಗೂಗಲ್‌ನಲ್ಲಿ ವಾಸ. ಗೂಗಲ್ ಎಲ್ಲ ಕಡೆಯೂ ಗೂಗಲ್ಲೇ, ಆದ್ದರಿಂದ ಇಂಗ್ಲಿಷ್ ಪತ್ರಿಕೆಗಳು ಅದನ್ನು ಹಾಗೇ ಎತ್ತಿಕೊಂಡವು. ಜೊತೆಗೆ ‘ಬ್ಯಾರನ್ ಕಟ್ ಅಂಡ್ ಪೇಸ್ಟ್’ ಅನ್ನುವುದೂ ಓಡಾಡಿತು. ಆದರೆ ತ್ಸು ಅಂದರೆ ಏನು ಅಂತ ಇಂಗ್ಲಿಷ್ ಓದುಗರಿಗೆ ಗೊತ್ತಿಲ್ಲ. ಹಾಗಾಗಿ ಬ್ಯಾರನ್ ಅನ್ನುವ ಪದ ಬೇಕೇ ಬೇಕಾಯಿತು. ಕಾನೂನಿನಲ್ಲಿ ಸತ್ತ ಬಿರುದಿಗೆ ಅನುವಾದದಲ್ಲಿ ಜೀವ ಬಂತು. ಆ ಮಾರ್ಚ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು.

ಬಿರುದು ಗಂಭೀರವಾಗಿರಬೇಕು ಅಂದೆನಲ್ಲ, ಅದಕ್ಕೆ ಒಂದು ದೊಡ್ಡ ಅಪವಾದ ಇದೆ: ಕಾರ್ನಿವಲ್. ಕಲೋನ್ ನಗರದಲ್ಲಿ 1823ರಿಂದ ಸಂಘಟಿತವಾಗಿ ನಡೆಯುವ ಈ ಹಬ್ಬಕ್ಕೆ ಮೂವರು ಯಜಮಾನರು: ರಾಜಕುಮಾರ, ರೈತ, ಕನ್ಯೆ. ಕನ್ಯೆಯ ವೇಷ ಹಾಕುವುದು ಸಂಪ್ರದಾಯದಂತೆ ಗಂಡಸು. ಮೂವರಿಗೂ ಸಂಬೋಧನೆ ಇದೆ. ರಾಜಕುಮಾರ ‘ಸೈನೆ ಟೊಲಿಟೇಟ್’, ರೈತ ‘ಸೈನೆ ಡೆಫ್ಟಿಶ್‌ಕೈಟ್’, ಕನ್ಯೆ ‘ಈರೆ ಲೀಪ್ಲಿಶ್‌ಕೈಟ್’. ರಾಜರಿಗೆ ಜರ್ಮನ್‌ನಲ್ಲಿ ‘ಮಯೆಸ್ಟೇಟ್’ ಅನ್ನುತ್ತಾರೆ. ಅದರ ಬಾಲ ಕತ್ತರಿಸಿ ಟೊಲ್ ಅನ್ನುವ ಪದಕ್ಕೆ ಅಂಟಿಸಿದ್ದಾರೆ. ಟೊಲ್ ಅಂದರೆ ಹುಚ್ಚು, ಈಗಿನ ಮಾತಿನಲ್ಲಿ ‘ಸಖತ್’ ಕೂಡ.

ಲೀಪ್ಲಿಶ್‌ಕೈಟ್ ಸುಲಭ, ‘ಹರ್ ಲವ್ಲಿನೆಸ್’. ಡೆಫ್ಟಿಗ್ ಅನ್ನುವುದನ್ನು ಹೊಟ್ಟೆ ತುಂಬಿಸುವ ಗಟ್ಟಿ ಊಟಕ್ಕೂ ಒರಟು ತಮಾಷೆಗೂ ಹೇಳುತ್ತಾರೆ. ‘ಹಿಸ್ ಹಾರ್ಟಿನೆಸ್’ ಅಂದರೆ ನಡೆಯುತ್ತದೆ. ಟೊಲಿಟೇಟ್ ಮಾತ್ರ ಸತಾಯಿಸುತ್ತದೆ. ‘ಹಿಸ್ ಮ್ಯಾಡ್‌ನೆಸ್’ ಅಂದರೆ ಬಾಲ ಬಿದ್ದುಹೋಯಿತು, ವೈದ್ಯರನ್ನು ಕರೆಯಬೇಕು ಅನ್ನಿಸುತ್ತದೆ. ಮೆಜೆಸ್ಟಿಯ ನಡುವೆ ಒಂದು ‘ಡಿ’ ತೂರಿಸಿ ‘ಮ್ಯಾಡ್‌ಜೆಸ್ಟಿ’ ಮಾಡುವುದು ಜಾಣತನ, ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕಾರ್ನಿವಲ್‌ನಲ್ಲಿ ಇದನ್ನು ಮೈಕಿನಲ್ಲಿ ಕೂಗುತ್ತಾರೆ. ಬಾಯಲ್ಲಿ ಹೇಳಿದರೆ ಅದು ಸಾದಾ ಮೆಜೆಸ್ಟಿಯೇ. ನನ್ನ ಮತ ‘ಹಿಸ್ ಹಿಲಾರಿಟಿ’ಗೆ. ಅದರ ಬಾಲ ರಾಜಮರ್ಯಾದೆಯದ್ದು, ಹೊಟ್ಟೆಯಲ್ಲಿ ನಗು. ಹುಚ್ಚು ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ.

ಬಿರುದಿನ ಆಟವನ್ನೇ ಬದುಕು ಮಾಡಿಕೊಂಡವರೂ ಇದ್ದಾರೆ. 1859ರಲ್ಲಿ ಪ್ರಾಗ್‌ನಲ್ಲಿ ಜರ್ಮನ್ ರಂಗಭೂಮಿಯ ಕಲಾವಿದರು ‘ಶ್ಲರಾಫಿಯಾ’ ಅನ್ನುವ ಕೂಟ ಕಟ್ಟಿದರು. ಅಲ್ಲಿ ಸದಸ್ಯರು ಮೆಟ್ಟಿಲು ಮೆಟ್ಟಿಲಾಗಿ ಏರಿ ರಿಟ್ಟರ್ ಆಗುತ್ತಾರೆ, ಅಂದರೆ ನೈಟ್. ಪ್ರತಿ ರಿಟ್ಟರ್‌ಗೂ ಅವನ ಕಸುಬನ್ನೋ ಚಾಳಿಯನ್ನೋ ಗೇಲಿ ಮಾಡುವ ಹೆಸರು. ಲಾಂಛನ ಗೂಬೆ, ನಮಸ್ಕಾರಕ್ಕೆ ‘ಲೂಲು’. ಹೆಂಡತಿ ಅಂದರೆ ‘ಬುರ್ಗ್‌ಫ್ರೌ’, ಕೋಟೆಯ ಒಡತಿ. ಕಾರು ಅಂದರೆ ‘ಬೆಂಜೀನ್‌ರೋಸ್’, ಪೆಟ್ರೋಲ್ ಕುದುರೆ. ಈ ಕೂಟಗಳು ಅಮೆರಿಕದವರೆಗೂ ಹರಡಿವೆ, ಆದರೆ ಎಲ್ಲಿ ಹೋದರೂ ಆಟ ಜರ್ಮನ್ ಭಾಷೆಯಲ್ಲೇ. ಅವರು ಅನುವಾದದ ಗೋಜಿಗೇ ಹೋಗಲಿಲ್ಲ, ಬುದ್ಧಿವಂತರು.

ಎದುರು ದಿಕ್ಕಿನ ಸಂಚಾರವೂ ಉಂಟು. ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ ಸೆಸಮಿ ಸ್ಟ್ರೀಟ್‌ನಲ್ಲಿ ಎಲ್ಲವನ್ನೂ ಎಣಿಸುವ ರಕ್ತಪಿಶಾಚಿ ಇದ್ದಾನೆ, ‘ಕೌಂಟ್ ವಾನ್ ಕೌಂಟ್’. ಕೌಂಟ್ ಅಂದರೆ ಬಿರುದೂ ಹೌದು, ಎಣಿಸು ಅಂತಲೂ ಹೌದು. ಜರ್ಮನ್‌ನ ಗ್ರಾಫ್ ಏನನ್ನೂ ಎಣಿಸುವುದಿಲ್ಲ. ಅಲ್ಲಿ ಅವನು ‘ಗ್ರಾಫ್ ತ್ಸಾಲ್’, ಸಂಖ್ಯೆ ದೊರೆ. ಶ್ಲೇಷೆ ಹೋಯಿತು, ಆದರೆ ಹೆಸರು ಚಿಕ್ಕದಾಗಿ, ನಿಜವಾದ ಮನೆತನದಂತೆ ಖಡಕ್ಕಾಗಿದೆ. ಡಿಸ್ನಿಯ ಬಾತುಕೋಳಿ ಪ್ರೊಫೆಸರ್ ‘ಲುಡ್ವಿಗ್ ವಾನ್ ಡ್ರೇಕ್’ 1961ರಲ್ಲಿ ಹುಟ್ಟಿದ್ದೇ ಜರ್ಮನ್ ಉಚ್ಚಾರಣೆಯ ಅಣಕವಾಗಿ. ಜರ್ಮನ್ನರಿಗೇ ಅವನನ್ನು ತೋರಿಸುವಾಗ ಆ ಅಣಕದಿಂದ ಏನು ಪ್ರಯೋಜನ? ‘ಪ್ರಿಮುಸ್ ಫೊನ್ ಕ್ವಾಕ್’ ಅಂತ ಹೆಸರಿಟ್ಟರು. ಪ್ರಿಮುಸ್ ಅಂದರೆ ತರಗತಿಗೆ ಮೊದಲು ಬರುವ ಹುಡುಗ. ಪರದೇಶಿ ಅನ್ನುವ ನಗು ಹೋಗಿ ಪುಸ್ತಕದ ಹುಳು ಅನ್ನುವ ನಗು ಬಂತು.

ಹಾಗಾದರೆ ಇಂಗ್ಲಿಷರು ತಮ್ಮ ದೊರೆಗಳನ್ನು ನೋಡಿ ನಗುವುದು ಯಾವುದಕ್ಕೆ? ಜೋಡಿ ಸರ್‌ನೇಮ್‌ಗಳಿಗೆ, ಊರಿನ ಹೆಸರುಗಳ ಬಾಲಕ್ಕೆ, ಬರೆದಂತೆ ಓದದ ಉಚ್ಚಾರಣೆಗೆ. ‘ಚೋಲ್ಮಾಂಡೆಲಿ’ ಅಂತ ಬರೆದು ‘ಚಮ್ಲಿ’ ಅನ್ನುವವರು ಅವರು. ಒಂದು ಪ್ರಯೋಗ ಮಾಡೋಣ. ನಾನೇ ಕಟ್ಟಿದ ಜರ್ಮನ್ ಹೆಸರು: ‘ಫ್ರೈಹೆರ್ ಫೊನ್ ಉಂಟ್ ತ್ಸು ಲೇರೆನ್‌ಬೊಯ್ಟೆಲ್’. ಲೇರ್ ಅಂದರೆ ಖಾಲಿ, ಬೊಯ್ಟೆಲ್ ಅಂದರೆ ಹಣದ ಚೀಲ. ‘ಬ್ಯಾರನ್ ಎಂಪ್ಟಿಪರ್ಸ್’ ಅಂದರೆ ಚೀಟಿ ಅಂಟಿಸಿದ ಹಾಗೆ, ಮಕ್ಕಳ ನಾಟಕದ ಪಾತ್ರ. ಇಂಗ್ಲಿಷಿನಲ್ಲಿ ಕೈಬರಿದಾದವನಿಗೆ ‘ಸ್ಕಿಂಟ್’ ಅನ್ನುತ್ತಾರೆ. ಅದಕ್ಕೆ ಅವರ ಊರುಗಳ ಬಾಲ ಹಚ್ಚಿ ‘ಲಾರ್ಡ್ ಸ್ಕಿಂಟ್ಲಿ’ ಅಂದರೆ ಒಂದು ಗಳಿಗೆ ನಿಜವಾದ ಮನೆತನ ಅನ್ನಿಸಿ ಆಮೇಲೆ ನಗು ಬರುತ್ತದೆ. ಬೀಳುವುದು ಉಳಿಯಿತು. ಫೊನ್ ಉಂಟ್ ತ್ಸು? ಸ್ಕಾಟ್ಲೆಂಡಿನಲ್ಲಿ ಮನೆತನದ ಹೆಸರೂ ಊರಿನ ಹೆಸರೂ ಒಂದೇ ಆದರೆ ‘ಆಫ್ ದಟ್ ಇಲ್ಕ್’ ಅನ್ನುತ್ತಾರೆ, ಅದೇ ಊರಿನ ಅದೇ ಮನೆತನ ಅಂತ. ‘ಸ್ಕಿಂಟ್ಲಿ ಆಫ್ ದಟ್ ಇಲ್ಕ್’. ಖಾಲಿ ಚೀಲದಿಂದಲೇ ಬಂದವರು, ಈಗಲೂ ಖಾಲಿ ಚೀಲ ಅವರದ್ದೇ.

ಕೊನೆಗೆ ಗ್ರಾಫ್ ಕೋಕ್ಸ್ ಕಡೆಗೆ ಒಮ್ಮೆ ಹೋಗಿಬರೋಣ. ಪದಕ್ಕೆ ಪದ ಇಟ್ಟ ‘ಕೌಂಟ್ ಕೋಕ್’ ಬೇಡ ಅನ್ನೋದಕ್ಕೆ ಇನ್ನೊಂದು ಕಾರಣವಿದೆ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಹೋಕಮ್ ಹಾಲ್ ಅನ್ನುವ ಭಾರಿ ಬಂಗಲೆ ಇದೆ. ಅಲ್ಲಿಯ ಅರ್ಲ್‌ಗಳ ಮನೆಹೆಸರು ಇದ್ದಲಿನದೇ ಸ್ಪೆಲಿಂಗ್‌ನ ಕೋಕ್. ಅವರು ಮಾತ್ರ ಅದನ್ನು ‘ಕುಕ್’ ಅಂತ ಉಚ್ಚರಿಸುತ್ತಾರೆ, ಅಂದರೆ ಅಡುಗೆಯವನು.